ಗೋದಾಮು, ಗಲ್ಲಾ ಮತ್ತು ಪೊಟ್ಯಾಸಿಯಂ

ಬಿ.ಕಾಂ. ಎರಡನೇ ವರ್ಷದ ಹುಡುಗನೊಬ್ಬ ಪೊಟ್ಯಾಸಿಯಂ ಬಗ್ಗೆ ಬರೆಯಲು ಹೊರಟಿದ್ದಾನೆಂದರೆ ನಮ್ಮ ಸಂಘದ ವಿಜ್ಞಾನದ ಮಿತ್ರರು ನಗುತ್ತಾರೆಂದು ಗೊತ್ತು. ನಗಲಿ, ಅಡ್ಡಿಯಿಲ್ಲ. ಹಿಂದಿನ ಸಂಚಿಕೆಯ ನನ್ನ ಕವಿತೆಗೂ ಅವರು ನಕ್ಕಿದ್ದರು, ಅದೂ ಎರಡನೇ ಸಾಲಿನಲ್ಲೇ. ಆದರೆ ಈ ಸಲದ ವಿಷಯ ಅಷ್ಟು ಹಗುರದ್ದಲ್ಲ. ಕಳೆದ ಮಳೆಗಾಲದಲ್ಲಿ ನನ್ನ ಸೋದರಮಾವ ಸಾವಿನ ಬಾಗಿಲ ತನಕ ಹೋಗಿ ಬಂದರು. ಅವರನ್ನು ಅಲ್ಲಿಗೆ ಕರೆದೊಯ್ದದ್ದು ಹಾವಲ್ಲ, ಲೋಕಲ್ ಟ್ರೇನಲ್ಲ, ಕುಡಿತವಂತೂ ಅಲ್ಲವೇ ಅಲ್ಲ. ಡಾಕ್ಟರು ಬರೆದುಕೊಟ್ಟ ಒಂದು ಸಿರಪ್ಪು, ಬಿ.ಪಿ.ಗೆ ಒಳ್ಳೆಯದೆಂದು ತಂದ ಒಂದು ಉಪ್ಪು, ದಿನಕ್ಕೊಂದು ಎಳನೀರು. ಮೂರೂ ಒಳ್ಳೆಯವೇ. ಮೂರರ ಒಳಗೂ ಇದ್ದದ್ದು ಒಂದೇ ಸರಕು.

ಆ ಸರಕಿನ ಹೆಸರು ನಾನು ಮೊದಲು ಕೇಳಿದ್ದು ಊರಿನ ಕನ್ನಡ ಶಾಲೆಯಲ್ಲಿ. ಧಾತುಗಳ ಸಂಕೇತ ಬಾಯಿಪಾಠ ಮಾಡಿಸುವಾಗ ಪೊಟ್ಯಾಸಿಯಂ ಎಂದರೆ 'ಕೆ' ಎಂದು ಮಾಷ್ಟ್ರು ಹೇಳಿದರು. "ಪಿ ಯಾಕಲ್ಲ ಸಾರ್?" ಎಂದು ಕೇಳಿದ್ದಕ್ಕೆ "ಅದು ಲ್ಯಾಟಿನ್ನಿನ ಕೇಲಿಯಂ, ಸುಮ್ಮನೆ ಕೂತುಕೋ" ಎಂದಿದ್ದರು. ಅಲ್ಲಿಗೆ ನನ್ನ ರಸಾಯನಶಾಸ್ತ್ರ ಮುಗಿದಿತ್ತು. ಈಗ ಲೈಬ್ರರಿಯಲ್ಲಿ ಹುಡುಕಿ ನೋಡಿದರೆ ಆ 'ಕೆ' ಗಿಡದ ಬೂದಿಗೆ ಅರಬ್ಬರು ಇಟ್ಟ ಹೆಸರಿನಿಂದ ಹುಟ್ಟಿದ್ದು. ಇಂಗ್ಲಿಷಿನ ಪೊಟ್ಯಾಷ್ ಎಂದರೂ ಮಡಕೆಯ ಬೂದಿಯೇ. ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಆ ನೀರನ್ನು ಮಡಕೆಯಲ್ಲಿ ಬತ್ತಿಸಿ ತೆಗೆಯುತ್ತಿದ್ದ ಕ್ಷಾರ. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಎಂಬಾತ ಇಂಥ ಕ್ಷಾರಕ್ಕೆ ವಿದ್ಯುತ್ತು ಹಾಯಿಸಿ ಲೋಹವನ್ನು ಬೇರೆ ಮಾಡಿದ. ಚಾಕುವಿನಿಂದ ಬೆಣ್ಣೆಯಂತೆ ಕೊಯ್ಯಬಹುದಾದ, ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ. ನಮ್ಮ ಅಜ್ಜ ಒಲೆಯ ಬೂದಿಯನ್ನು ತೆಂಗಿನ ಬುಡಕ್ಕೆ ಸುರಿಯುತ್ತಿದ್ದದ್ದೂ ಇದಕ್ಕೇ. ಆಮೇಲೆ ಸೊಸೈಟಿಯಿಂದ ಗೊಬ್ಬರದ ಚೀಲ ಬರತೊಡಗಿತು. ಆ ಚೀಲದ ಕೆಂಪು-ಬಿಳಿ ಹರಳಿನ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಮಾವನ ಸಿರಪ್ಪಿನಲ್ಲಿ ಇದ್ದದ್ದೂ ಅದೇ, ಶುದ್ಧ ಮಾಡಿದ್ದು ಅಷ್ಟೆ.

ಮಾವನ ವಿಷಯ ಸ್ವಲ್ಪ ಹೇಳಬೇಕು. ಉಡುಪಿ ಕಡೆಯಿಂದ ಹದಿನಾರನೇ ವರ್ಷಕ್ಕೆ ಬೊಂಬಾಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು-ಬಶಿ ತೊಳೆದು, ಈಗ ಗಲ್ಲಾದಲ್ಲಿ ಕೂರುವ ತನಕ ಏರಿದವರು. ಡೊಂಬಿವಲಿಯಲ್ಲಿ ಮೂರನೇ ಮಾಳಿಗೆಯ ಮನೆ, ಲಿಫ್ಟಿಲ್ಲ. ಹತ್ತನೇ ತರಗತಿ ಮುಗಿಸಿ ಬಂದ ನನ್ನನ್ನು ಇಟ್ಟುಕೊಂಡು ಓದಿಸುತ್ತಿರುವವರು ಅವರೇ. ವಯಸ್ಸು ಐವತ್ತೆಂಟು. ಸಕ್ಕರೆ ಕಾಯಿಲೆ ಉಂಟು, ಬಿ.ಪಿ. ಉಂಟು, ಕಿಡ್ನಿ 'ಸ್ವಲ್ಪ ಡೌನ್' ಎಂದು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಹೋಟೆಲಿನವರಿಗೆ ಸ್ವಲ್ಪ ಡೌನ್ ಎಂದರೆ ಸ್ವಲ್ಪ ಡೌನ್ ಅಷ್ಟೆ. ಹಬ್ಬದ ಮೊದಲು ವ್ಯಾಪಾರ ಡೌನ್ ಆಗುವುದಿಲ್ಲವೆ, ಹಾಗೆ.

ಜೂನ್ ತಿಂಗಳಲ್ಲಿ ಅವರಿಗೆ ವಾಂತಿ ಭೇದಿ ಆಯಿತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ತೀರಾ ಇಳಿದಿತ್ತು. ಐದು ದಿನಕ್ಕೆಂದು ಸಿರಪ್ಪು ಬರೆದುಕೊಟ್ಟರು, ನೀರಿಗೆ ಬೆರೆಸಿ ಕುಡಿಯಬೇಕೆಂದರು. ಎರಡನೇ ದಿನಕ್ಕೇ ಮಾವ ಎದ್ದು ನಡೆದಾಡಿದರು. ಬಳಲಿ ಬಿದ್ದವನನ್ನು ಒಂದು ಬಾಟಲಿ ಎಬ್ಬಿಸಿ ನಿಲ್ಲಿಸಿದರೆ ಅದರ ಮೇಲೆ ಭಕ್ತಿ ಹುಟ್ಟುವುದು ಸಹಜ. ಐದು ದಿನ ಕಳೆದರೂ ಸಿರಪ್ಪು ನಿಲ್ಲಲಿಲ್ಲ. ಹಳೇ ಚೀಟಿ ತೋರಿಸದೆಯೇ ಮೂಲೆಯ ಮೆಡಿಕಲ್ಲಿನವನು ಇನ್ನೊಂದು, ಮತ್ತೊಂದು ಬಾಟಲಿ ಕೊಟ್ಟ. "ಶಕ್ತಿಯ ಔಷಧಿ ಮಾರಾಯ, ಇದಕ್ಕೆ ಚೀಟಿ ಎಂತಕ್ಕೆ?" ಎಂಬುದು ಮಾವನ ವಾದ.

ಆ ಬಾಟಲಿಯ ಚೀಟಿ ಈಗಲೂ ನನ್ನ ಬಳಿ ಇದೆ: 15 ಮಿಲಿಲೀಟರಿನಲ್ಲಿ ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಇದನ್ನು ಇನ್ನೊಂದು ಲೆಕ್ಕದ ಪಕ್ಕ ಇಡುತ್ತೇನೆ. ಭೇದಿಯಾದಾಗ ಕುಡಿಯುವ ಓ.ಆರ್.ಎಸ್. ಇದೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಅದರ ಒಂದು ಲೀಟರಿನಲ್ಲಿ ಇರುವುದೂ ಅದೇ ಒಂದೂವರೆ ಗ್ರಾಂ. ಒಂದು ಲೀಟರನ್ನು ಯಾರೂ ಗಟಗಟ ಕುಡಿಯುವುದಿಲ್ಲ. ಗುಟುಕು ಗುಟುಕಾಗಿ ದಿನವಿಡೀ ಕುಡಿಯುತ್ತಾರೆ. 15 ಮಿಲಿಲೀಟರ್ ಎಂದರೆ ಒಂದು ದೊಡ್ಡ ಚಮಚೆ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಜೀವಕೋಶಗಳ ಒಳಗೆ ಇರುತ್ತದೆ. ಅದು ಗೋದಾಮು. ರಕ್ತದಲ್ಲಿ ಮತ್ತು ಕೋಶಗಳ ಹೊರಗಿನ ದ್ರವದಲ್ಲಿ ಇರುವುದು ಎರಡೇ ಪಾಲು, ಅದು ಗಲ್ಲಾ. ಲೀಟರಿಗೆ ಮಿಲಿಮೋಲ್ ಎಂಬ ಅಳತೆಯಲ್ಲಿ ಗೋದಾಮಿನೊಳಗೆ ಸುಮಾರು 140, ಗಲ್ಲಾದಲ್ಲಿ 3.5ರಿಂದ 5ರ ಒಳಗೆ. ಈ ವ್ಯತ್ಯಾಸವನ್ನು ಹಗಲೂ ರಾತ್ರಿ ಕಾಯ್ದುಕೊಳ್ಳಲು ಪ್ರತಿ ಕೋಶದ ಗೋಡೆಯಲ್ಲೂ ಪಂಪುಗಳಿವೆ: ಸೋಡಿಯಂ ಹೊರಗೆ ದೂಡಿ ಪೊಟ್ಯಾಸಿಯಂ ಒಳಗೆ ಎಳೆಯುವ ಪಂಪು. ಇದನ್ನು 1957ರಲ್ಲಿ ತೋರಿಸಿಕೊಟ್ಟ ಡೆನ್ಮಾರ್ಕಿನ ಜೆನ್ಸ್ ಸ್ಕೌ ಅವರಿಗೆ ನೊಬೆಲ್ ಬಹುಮಾನ ಬಂದದ್ದು 1997ರಲ್ಲಿ, ನಲವತ್ತು ವರ್ಷ ಕಳೆದು. (ಮರುಮೌಲ್ಯಮಾಪನದ ಫಲಿತಾಂಶ ತಡವಾಯಿತೆಂದು ಗೊಣಗುವವರು ಗಮನಿಸಬೇಕು.) ಒಳಗೆ ಹೊರಗೆ ಇರುವ ಈ ಅಂತರದಿಂದಲೇ ನರಕ್ಕೂ ಸ್ನಾಯುವಿಗೂ ವಿದ್ಯುತ್ತು. ಹೃದಯವೂ ಒಂದು ಸ್ನಾಯುವೇ. ಪ್ರತಿ ಬಡಿತದ ನಂತರ ಅದು ಸಡಿಲಗೊಂಡು ಮುಂದಿನ ಬಡಿತಕ್ಕೆ ತಯಾರಾಗಬೇಕು. ಗಲ್ಲಾದಲ್ಲಿ ಪೊಟ್ಯಾಸಿಯಂ ಹೆಚ್ಚಾದರೆ ಆ ತಯಾರಿ ಕೆಡುತ್ತದೆ, ಸಂದೇಶ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ.

ದಿನವೂ ತಿನ್ನುವ ಬಾಳೆಹಣ್ಣು, ಬಟಾಟೆ, ಬೇಳೆಗಳಿಂದ ಇಷ್ಟೆಲ್ಲ ಆವಕ ಆದರೂ ನಮಗೇನೂ ಆಗದಿರುವುದಕ್ಕೆ ಕಾರಣ ಜಾವಕ ಸರಿಯಾಗಿರುವುದು. ಬಂದ ಪೊಟ್ಯಾಸಿಯಂನ ಸುಮಾರು ಹತ್ತರಲ್ಲಿ ಒಂಬತ್ತು ಪಾಲನ್ನು ಮೂತ್ರಪಿಂಡಗಳು ಹೊರಗೆ ಕಳಿಸುತ್ತವೆ. ಅವು ಗಟ್ಟಿಯಾಗಿರುವವರು ತಿನ್ನುವುದರಲ್ಲಿ ಹೆಚ್ಚುಕಮ್ಮಿಯಾದರೂ ಸುಧಾರಿಸಿಕೊಳ್ಳುತ್ತಾರೆ. ಒಮ್ಮೆಗೇ ಬಹಳ ಹೋದರೆ ಮಾತ್ರ ಗಟ್ಟಿ ಕಿಡ್ನಿಯೂ ಸಾಕಾಗದು, ಯಾಕೆಂದರೆ ಅದು ಗಂಟೆಗಟ್ಟಲೆ ತೆಗೆದುಕೊಂಡು ಮಾಡುವ ಕೆಲಸ. ಮಾವನದು ಮೊದಲೇ ಡೌನ್. ಅದರ ಮೇಲೆ ಅವರು ತಿನ್ನುವ ಬಿ.ಪಿ. ಮಾತ್ರೆ 'ಸಾರ್ಟಾನ್' ಜಾತಿಯದು. ಕಿಡ್ನಿಗೆ ಒಳ್ಳೆಯದೆಂದೇ ಕೊಡುತ್ತಾರೆ, ಆದರೆ ಪೊಟ್ಯಾಸಿಯಂ ಹೊರಹೋಗುವುದನ್ನು ಅದು ಕಡಿಮೆ ಮಾಡುತ್ತದೆ. ಮಂಡಿನೋವಿಗೆಂದು ಆಗಾಗ ನುಂಗುತ್ತಿದ್ದ ನೋವಿನ ಮಾತ್ರೆಯೂ ಅದೇ ಕೆಲಸ ಮಾಡುತ್ತದೆ. ಬಾಗಿಲು ಒಂದೊಂದಾಗಿ ಮುಚ್ಚುತ್ತ ಬಂದಿತ್ತು, ಆವಕ ಮಾತ್ರ ಸಾಗಿತ್ತು.

ಆ ಶನಿವಾರ ಹೋಟೆಲಿನಲ್ಲಿ ರಶ್ಶು. ರಾತ್ರಿ ಮನೆಗೆ ಬಂದವರು "ಮೈಯಲ್ಲಿ ಎಂತದೂ ಶಕ್ತಿ ಇಲ್ಲ" ಎಂದು ಮುಚ್ಚಳದ ಅಳತೆ ಬಿಟ್ಟು ಬಾಟಲಿಗೇ ಬಾಯಿ ಹಾಕಿದರು. ನೀರೂ ಬೆರೆಸಲಿಲ್ಲ. ಬೆಳಗಿನ ಜಾವ ಹೊಟ್ಟೆ ಉರಿ, ವಾಂತಿ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಬಚ್ಚಲಿಗೆ ಹೋದವರು ಗೋಡೆ ಹಿಡಿದು ನಿಂತುಬಿಟ್ಟರು. "ಮಾಣಿ, ಕಾಲಿಗೆ ಹತ್ತಿ ತುಂಬಿಸಿದ ಹಾಗೆ ಆಗ್ತದೆ. ಎತ್ಲಿಕ್ಕೇ ಆಗುದಿಲ್ಲ."

ಗದ್ದಲಕ್ಕೆ ಎದುರು ಮನೆಯ ತಾಯಿ ಎದ್ದು ಬಂದರು. ಪಾಪ, ಒಳ್ಳೆಯ ಹೆಂಗಸು. "ಶಹಾಳ್ಯಾಚಂ ಪಾಣಿ ದ್ಯಾ" ಎಂದು ತಮ್ಮ ಫ್ರಿಜ್ಜಿನಿಂದ ಎಳನೀರು ಲೋಟಕ್ಕೆ ಬಗ್ಗಿಸಿ ತಂದರು. ಬಳಲಿದವರಿಗೆ ಎಳನೀರು ಕೊಡುವುದು ನಮ್ಮ ಊರಿನ ವೈದ್ಯವೂ ಹೌದು, ಮಹಾರಾಷ್ಟ್ರದ ವೈದ್ಯವೂ ಹೌದು. ಆದರೆ ಒಂದು ಎಳನೀರಿನಲ್ಲಿ ಒಂದು ಬಾಳೆಹಣ್ಣಿಗಿಂತ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ವಾಕರಿಕೆಯಿಂದ ಮಾವನಿಗೆ ಎರಡು ಗುಟುಕಿಗಿಂತ ಹೆಚ್ಚು ಇಳಿಯಲಿಲ್ಲ. ವಾಕರಿಕೆಗೆ ನಾನು ಕೃತಜ್ಞ.

ನಾನೂ ಕೆಳಮನೆಯ ಹುಡುಗನೂ ಕುರ್ಚಿಯಲ್ಲಿ ಕೂರಿಸಿ ಮೂರು ಮಾಳಿಗೆ ಇಳಿಸಿದೆವು. ರಿಕ್ಷಾದಲ್ಲಿ ಅತ್ತೆ ಚೀಲ ತಬ್ಬಿಕೊಂಡು ಕೂತಿದ್ದರು. ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಕುಡಿಸಬೇಕಲ್ಲ ಎಂದು ಸಿರಪ್ಪಿನ ಬಾಟಲಿಯನ್ನೂ ಅದರೊಳಗೆ ಹಾಕಿದ್ದರು! ಕ್ಯಾಷುವಲ್ಟಿಯ ಲೇಡಿ ಡಾಕ್ಟರು ಏನೇನು ಔಷಧಿ ಎಂದು ಕೇಳಿದಾಗ ಅತ್ತೆ ಹೆಮ್ಮೆಯಿಂದ ಅದನ್ನು ಮೇಜಿನ ಮೇಲಿಟ್ಟರು. ಡಾಕ್ಟರು ಬಾಟಲಿ ನೋಡಿದರು, ಮಾವನನ್ನು ನೋಡಿದರು, ಮಾತಿಲ್ಲದೆ ಇ.ಸಿ.ಜಿ. ಯಂತ್ರ ಎಳೆದರು. ಯಾರನ್ನಾದರೂ ಹೀಗೆ ಕರೆದೊಯ್ಯುವುದಾದರೆ ಬಾಟಲಿಯನ್ನೋ ಮಾತ್ರೆಯ ಪಟ್ಟಿಯನ್ನೋ ಜೊತೆಗೆ ಒಯ್ಯಿರಿ. ಅದು ಅರ್ಧ ಗಂಟೆಯ ವಿಚಾರಣೆ ಉಳಿಸುತ್ತದೆ. ಮನೆಯಲ್ಲೇ ವಾಂತಿ ಮಾಡಿಸುವ ಸಾಹಸ ಬೇಡ.

ಆ ಇ.ಸಿ.ಜಿ. ಕಾಗದವನ್ನು ಆಮೇಲೆ ಅವರು ನನಗೆ ತೋರಿಸಿದರು. ಪ್ರತಿ ಬಡಿತದ ಕೊನೆಗೆ ಬರುವ 'ಟಿ' ಎಂಬ ಅಲೆ ಸಣ್ಣ ಗುಡ್ಡದ ಹಾಗೆ ಇರಬೇಕು. ಮಾವನದು ಡೇರೆಯ ಹಾಗೆ ಚೂಪಾಗಿ ಎದ್ದು ನಿಂತಿತ್ತು. ಮುಂದಿನ ಹಂತದಲ್ಲಿ ಬಡಿತದ ಮುಖ್ಯ ಗೆರೆ ಅಗಲವಾಗುತ್ತ ಹೋಗುತ್ತದೆ. ಅವರದು ಅದೂ ಆರಂಭವಾಗಿತ್ತು. ಅದನ್ನೂ ದಾಟಿದರೆ ಕಾಗದದ ಮೇಲೆ ಬರೀ ಸಮುದ್ರದ ತೆರೆ, ಆಮೇಲೆ ನೇರ ಗೆರೆ. ರಕ್ತದ ರಿಪೋರ್ಟು ಬಂದಾಗ 7.3 ಇತ್ತು. ರಕ್ತ ತೆಗೆಯುವಾಗ ಕಣಗಳು ಒಡೆದರೆ ಗೋದಾಮಿನ ಮಾಲು ಹೊರಗೆ ಸೋರಿ ಸುಳ್ಳು ಲೆಕ್ಕ ಬರುವುದೂ ಉಂಟಂತೆ. ಅದಕ್ಕೆಂದು ಮತ್ತೊಮ್ಮೆ ತೆಗೆದರು. ಆದರೆ ಚಿಕಿತ್ಸೆಗೆ ಕಾಯಲಿಲ್ಲ. ಇ.ಸಿ.ಜಿ. ಹೇಳಿದ ಮೇಲೆ ಕಾಯುವ ಹಾಗಿಲ್ಲ. ಕೆಲವರಿಗಂತೂ ಕಾಲು ಸೋಲುವುದು, ಜುಮ್ಮೆನ್ನುವುದು ಯಾವುದೂ ಇಲ್ಲದೆ ನೇರ ಹೃದಯವೇ ನಿಲ್ಲುತ್ತದಂತೆ.

ಮೊದಲು ಕೊಟ್ಟದ್ದು ಕ್ಯಾಲ್ಸಿಯಂ ಗ್ಲೂಕೋನೇಟ್ ಇಂಜೆಕ್ಷನ್ನು, ನಿಧಾನವಾಗಿ, ಕಣ್ಣು ಮಾನಿಟರಿನ ಮೇಲೆ. ಎರಡು ಮೂರು ನಿಮಿಷದಲ್ಲಿ ಡೇರೆಗಳು ತಗ್ಗಿದವು. ನನಗೆ ಹೋದ ಜೀವ ಬಂತು. ಆಗ ಡಾಕ್ಟರು ಹಿಂದಿಯಲ್ಲಿ ಹೇಳಿದ ಮಾತು ಇದು: ಪೊಟ್ಯಾಸಿಯಂ ಒಂದು ಚೂರೂ ಕಡಿಮೆಯಾಗಿಲ್ಲ. ಕ್ಯಾಲ್ಸಿಯಂ ಹೃದಯವನ್ನು ಅರ್ಧದಿಂದ ಒಂದು ಗಂಟೆಯ ತನಕ ಕಾಯುತ್ತದೆ, ಅಷ್ಟೆ.

ಇದರ ಮೂಲ ಹುಡುಕುತ್ತ ಹೋದರೆ ಒಂದು ಚೆಂದದ ಕಥೆ ಸಿಕ್ಕಿತು. ಲಂಡನ್ನಿನ ಡಾಕ್ಟರ್ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಎಷ್ಟು ಹೊತ್ತು ಬಡಿಯುತ್ತದೆಂದು ನೋಡುತ್ತಿದ್ದರು. ಚೆನ್ನಾಗಿಯೇ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ಆ ಉಪ್ಪುನೀರನ್ನು ಭಟ್ಟಿಯಿಳಿಸಿದ ನೀರಿನಿಂದ ಮಾಡಿರಲಿಲ್ಲ, ನಳದ ನೀರಿನಿಂದ ಮಾಡಿದ್ದು. ಶುದ್ಧ ನೀರು ಹಾಕಿದರೆ ಹೃದಯ ಸೋತುಹೋಗುತ್ತಿತ್ತು. ನಳದ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯಕ್ಕೆ ಬೇಕೇ ಬೇಕೆಂದು ಅವರು 1883ರಲ್ಲಿ ಪ್ರಕಟಿಸಿದರು. ಕ್ಯಾಲ್ಸಿಯಂ, ಪೊಟ್ಯಾಸಿಯಂ ಎರಡೂ ಹದದಲ್ಲಿ ಇದ್ದರೇ ಬಡಿತ. ಆಸ್ಪತ್ರೆಯ ಸ್ಟ್ಯಾಂಡಿನಲ್ಲಿ ನೇತಾಡುವ 'ರಿಂಗರ್ ಲ್ಯಾಕ್ಟೇಟ್' ಬಾಟಲಿಯ ರಿಂಗರ್ ಇವರೇ.

ಎರಡನೇ ಕೆಲಸ ಇನ್ಸುಲಿನ್. ಸಕ್ಕರೆ ಕಾಯಿಲೆಯ ಇನ್ಸುಲಿನ್ನೇ, ಜೊತೆಗೆ ಗ್ಲೂಕೋಸು. ಇನ್ಸುಲಿನ್ ಆ ಪಂಪುಗಳನ್ನು ಜೋರಾಗಿ ಓಡಿಸಿ ರಕ್ತದ ಪೊಟ್ಯಾಸಿಯಂ ಅನ್ನು ಕೋಶದೊಳಗೆ ತಳ್ಳುತ್ತದೆ. ಸಕ್ಕರೆ ಕುಸಿಯಬಹುದೆಂದು ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡುತ್ತಿದ್ದರು. ಜೊತೆಗೆ ದಮ್ಮಿನವರು ಎಳೆಯುವ ಸಾಲ್ಬ್ಯುಟಮಾಲ್ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ನೆಬ್ಯುಲೈಜರಿನಲ್ಲಿ ಕೊಟ್ಟರು. ಅದೂ ಒಳಕ್ಕೇ ತಳ್ಳುವ ಕೆಲಸ. ಮಾವನ ಕೈ ಗಡಗಡ ನಡುಗಿತು. ಎರಡು ಗಂಟೆಗೆ 5.9. ಮಾವ ಆಗಲೇ ಎದ್ದು ಕೂತು "ಇನ್ನು ಹೋಗುವನಾ? ಸೋಮವಾರ ಹಾಲಿನವನ ಲೆಕ್ಕ ಉಂಟು" ಎಂದರು.

ಇಲ್ಲೇ ಕಾಮರ್ಸಿನವರು ಕಿವಿ ನಿಮಿರಿಸಬೇಕು. ಇದು ಪಾವತಿಯಲ್ಲ, ವರ್ಗಾವಣೆ. ಗಲ್ಲಾದಿಂದ ತೆಗೆದು ಗೋದಾಮಿಗೆ ಹಾಕಿದ್ದಾರೆ, ಅಂಗಡಿಯಿಂದ ಮಾಲು ಹೊರಗೆ ಹೋಗಿಲ್ಲ. ನಾಲ್ಕಾರು ಗಂಟೆ ಕಳೆದರೆ ಎಂಟ್ರಿ ರಿವರ್ಸ್ ಆಗುತ್ತದೆ. ಹೊಟ್ಟೆಯಲ್ಲಿ ಉಳಿದದ್ದೂ ಬಂದು ಸೇರುತ್ತದೆ. ಸಂಜೆಗೆ 6.6. ಮೂತ್ರವೂ ಸರಿಯಾಗಿ ಆಗುತ್ತಿರಲಿಲ್ಲ. ಡಯಾಲಿಸಿಸ್ ಮಾಡಬೇಕೆಂದರು. ಜಾವಕದ ಬಾಗಿಲು ಮುಚ್ಚಿದವರಿಗೆ ಮಾಲನ್ನು ನಿಜವಾಗಿ, ಬೇಗ ಹೊರಗೆ ಹಾಕುವ ದಾರಿ ಅದೊಂದೇ. ಪೊಟ್ಯಾಸಿಯಂ ಹೀರಿಕೊಂಡು ಮಲದಲ್ಲಿ ಹೋಗುವ ಪುಡಿಗಳೂ ಇವೆ, ಆದರೆ ಅವು ನಿಧಾನ, ತುರ್ತಿಗೆ ಆಗುವುದಿಲ್ಲ. ಇತರ ಹಲವು ವಿಷಗಳಿಗೆ ಕುಡಿಸುವ ಇದ್ದಿಲ ಪುಡಿಗೆ ಪೊಟ್ಯಾಸಿಯಂ ಅಂಟುವುದೇ ಇಲ್ಲ. ನಿಧಾನವಾಗಿ ಕರಗುವ ಪೊಟ್ಯಾಸಿಯಂ ಮಾತ್ರೆ ನುಂಗಿದವರ ಕಥೆ ಇನ್ನೂ ಬೇರೆ: ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕರಗುತ್ತ, ಆಸ್ಪತ್ರೆಗೆ ಬಂದ ಮೇಲೂ ಏರುತ್ತಲೇ ಇರುತ್ತದೆ. ಆ ಮಾತ್ರೆಗಳು ಎಕ್ಸ್‌ರೇಯಲ್ಲಿ ಕಾಣುತ್ತವೆ. ವಿಶೇಷ ದ್ರಾವಣವನ್ನು ಲೀಟರುಗಟ್ಟಲೆ ಮೂಗಿನ ನಳಿಕೆಯಿಂದ ಹಾಕಿ ಕರುಳನ್ನೇ ತೊಳೆಯುತ್ತಾರೆ. ಮಾವನದು ಸಿರಪ್ಪು, ಅದರ ಅಗತ್ಯ ಬೀಳಲಿಲ್ಲ.

ಡಯಾಲಿಸಿಸಿಗೆ ಒಪ್ಪಿಗೆಯ ಕಾಗದ ಬಂತು. ಇಂಗ್ಲಿಷು. ಅತ್ತೆ ನನ್ನ ಮುಖ ನೋಡಿದರು. ಕನ್ನಡ ಶಾಲೆಯ ಹುಡುಗ ಕಾಲೇಜಿನಲ್ಲಿ ಇಂಗ್ಲಿಷಿನೊಡನೆ ಪಡುವ ಪಾಡು ನಿಮಗೆ ಗೊತ್ತೇ ಇದೆ. ಆದರೆ ಅವತ್ತು ನನ್ನನ್ನು ಕಾಡಿದ್ದು ಕನ್ನಡವೇ. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗಿದೆ ಎಂದೆ. ಅವರಿಗೆ ಆ ಹೆಸರೇ ಹೊಸದು. ಒಂದು ಜಾತಿಯ ಉಪ್ಪು ಹೆಚ್ಚಾಗಿದೆ ಎಂದೆ. ಅತ್ತೆ ಅಳುವಂತಾಗಿ ಹೇಳಿದರು: "ಉಪ್ಪು ಎಲ್ಲಿಂದ ಬಂತು? ಆರು ತಿಂಗಳಿಂದ ಮನೆಗೆ ಕಮ್ಮಿ ಉಪ್ಪಿನ ಉಪ್ಪೇ ತರುದಲ್ವಾ ನಾನು, ದುಪ್ಪಟ್ಟು ದುಡ್ಡು ಕೊಟ್ಟು?"

ಆ 'ಕಮ್ಮಿ ಉಪ್ಪಿನ ಉಪ್ಪು' ಅಂದರೆ ಸೋಡಿಯಂ ಸ್ವಲ್ಪ ಕಡಿಮೆ ಮಾಡಿ ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ್ದು. ಅದನ್ನು ನಾನು ಹಳಿಯುತ್ತಿಲ್ಲ. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥ ಉಪ್ಪನ್ನು ಬಳಸಬಹುದೆಂದು ಸಲಹೆ ಕೊಟ್ಟಿತು. ಆದರೆ ಆ ಸಲಹೆ ಕಿಡ್ನಿ ಕುಂದಿದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಅನ್ವಯಿಸುವುದಿಲ್ಲವೆಂದೂ ಅದರಲ್ಲೇ ಹೇಳಿದೆ. ಅತ್ತೆ ತರುತ್ತಿದ್ದ ಪ್ಯಾಕೆಟ್ಟಿನ ಹಿಂಬದಿಯಲ್ಲೂ ಎಚ್ಚರಿಕೆ ಇತ್ತು. ಇಂಗ್ಲಿಷಿನಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿ. ಮುಂಬದಿಯಲ್ಲಿ ಮಾತ್ರ ಹೃದಯದ ಚಿತ್ರ ಅಂಗೈಯಷ್ಟು ದೊಡ್ಡದು.

ಒಪ್ಪಿಗೆಯ ಕಾಗದ ಹಿಡಿದು ನರ್ಸು ನಿಂತೇ ಇದ್ದಳು. ಕೊನೆಗೆ ನನಗೆ ಅಜ್ಜನ ತೋಟ ನೆನಪಾಯಿತು. "ಅತ್ತೆ, ತೆಂಗಿನ ಬುಡಕ್ಕೆ ಹಾಕುವ ಪೊಟ್ಯಾಷ್ ಉಂಟಲ್ಲ, ಅದು ಮಾವನ ರಕ್ತದಲ್ಲಿ ತುಂಬಿದೆ. ಕಿಡ್ನಿ ಹೊರಗೆ ಹಾಕ್ತಾ ಇಲ್ಲ. ಮೆಷಿನ್ನಲ್ಲಿ ತೊಳೀಬೇಕು. ತೊಳೀದಿದ್ರೆ ಹೃದಯ ನಿಲ್ತದೆ." ಅತ್ತೆ ತೋಟದ ಮನೆಯ ಮಗಳು. ಬುಡಕ್ಕೆ ಪೊಟ್ಯಾಷ್ ಹೆಚ್ಚಾದರೆ ಗಿಡದ ಎಲೆ ಸುಡುವುದನ್ನು ನೋಡಿದವರು. ಮತ್ತೊಂದು ಪ್ರಶ್ನೆ ಕೇಳದೆ ಸಹಿ ಹಾಕಿದರು, ಕನ್ನಡದಲ್ಲಿ.

ಕುತ್ತಿಗೆಗೆ ನಳಿಕೆ ಹಾಕಿ ನಾಲ್ಕು ಗಂಟೆ ನಡೆಸಿದರು. ಮುಗಿದಾಗ 4.6. ರಾತ್ರಿಯಿಡೀ ಮತ್ತೆ ಏರುತ್ತದೋ ಎಂದು ನೋಡಿ, ನಾಲ್ಕನೇ ದಿನ ಬಿಟ್ಟರು. ಮನೆಯ ನಿತ್ಯಕ್ರಮ ಮಾತ್ರ ಬುಡಮೇಲು. ತರಕಾರಿ ಹೆಚ್ಚಿ ಬೇಯಿಸಿ ನೀರು ಚೆಲ್ಲಿ ಆಮೇಲೆ ಒಗ್ಗರಣೆ. ಹೀಗೆ ಮಾಡಿದರೆ ಪೊಟ್ಯಾಸಿಯಂನ ಒಂದಷ್ಟು ಪಾಲು ನೀರಿನ ಜೊತೆ ಹೋಗುತ್ತದೆ. ಎಳನೀರು ಬಂದ್, ಬಾಳೆಹಣ್ಣು ಬಂದ್, ತೆಂಗಿನಕಾಯಿ ಲೆಕ್ಕದಲ್ಲಿ. ಉಪ್ಪು ಸಾದಾ ಉಪ್ಪೇ, ಆದರೆ ಚಿಟಿಕೆ. "ಉಡುಪಿಯವನಿಗೆ ತೆಂಗಿನಕಾಯಿ ಅಳೆದು ಕೊಡುವ ಕಾಲ ಬಂತಲ್ಲ" ಎಂದು ಮಾವ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ.

ಒಡೆಯದೆ ಉಳಿದಿದ್ದ ಮೂರನೇ ಬಾಟಲಿಯನ್ನು ವಾಪಸು ಕೊಡಲು ನಾನೇ ಹೋದೆ. ಚೀಟಿಯಿಲ್ಲದೆ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಮೆಡಿಕಲ್ಲಿನವನು ಗಿರಾಕಿಯ ಕಡೆಗೇ ಮುಖವಿಟ್ಟುಕೊಂಡು, ಸೀಲು ನೋಡಿ, ಹಣ ಎಣಿಸಿ ಕೌಂಟರಿನ ಮೇಲಿಟ್ಟ. ಮರುದಿನ ಮತ್ತೆ ಹೋಗಿ ಅದೇ ಪ್ರಶ್ನೆ ಕೇಳಿದೆ. ಈಗ ಆ ಅಂಗಡಿಯಲ್ಲಿ ನನ್ನನ್ನು ಕಂಡರೆ ಒಳಗಿನ ಕೋಣೆಗೆ ಹೋಗುತ್ತಾನೆ.

ಮಾವ ಹೋಟೆಲಿನ ಹಳೇ ರೋಜುಮೇಳದ ಪುಸ್ತಕವೊಂದನ್ನು ಮನೆಗೆ ತಂದು, ಹಿಂಬದಿಯಿಂದ ಗೆರೆ ಎಳೆದಿದ್ದಾರೆ. ತಾರೀಕು, ಬಿ.ಪಿ., ಸಕ್ಕರೆ, ಕ್ರಿಯಾಟಿನಿನ್, ಕೊನೆಯ ಅಂಕಣಕ್ಕೆ ಹೆಸರಿಲ್ಲ, ಬರೀ ಒಂದು 'ಪೊ'. ಮೊದಲು ವಾರಕ್ಕೊಮ್ಮೆ ಇತ್ತು, ಈಗ ತಿಂಗಳಿಗೊಮ್ಮೆ. ಮೊನ್ನೆಯದು 4.9.